ಅಂದ್ರ ಅಕ್ಕ

ನನ್ನ ಪಿಎಚ್‌ಡಿ ಪ್ರಬಂಧವನ್ನು ಪೂರ್ತಿ ಓದಿದವರು ಮೂವರು: ನಾನು, ಟೈಪ್ ಮಾಡಿದವರು, ನನ್ನ ಮಾರ್ಗದರ್ಶಕರು. ಮಾರ್ಗದರ್ಶಕರ ಬಗ್ಗೆ ನನಗೆ ಈಗಲೂ ಸ್ವಲ್ಪ ಅನುಮಾನವಿದೆ. ಸಣ್ಣ ಉದ್ದಿಮೆಗಳನ್ನು ಚೆನ್ನಾಗಿ ನಡೆಸುವುದು ಹೇಗೆ ಎಂಬುದು ಅದರ ವಿಷಯ. ನಾನು ರಾಯಚೂರಿನ ಕಾಲೇಜೊಂದರಲ್ಲಿ ಮ್ಯಾನೇಜ್‌ಮೆಂಟ್ ಪಾಠ ಮಾಡುವವಳು. ಯಾವ ಸಣ್ಣ ಉದ್ದಿಮೆಯವರ ಬಗ್ಗೆ ಅಷ್ಟು ಬರೆದಿದ್ದೆನೋ ಅವರಲ್ಲಿ ಒಬ್ಬರೂ ಅದನ್ನು ಮುಟ್ಟಲಿಲ್ಲವಲ್ಲ ಎಂಬ ಸಿಟ್ಟಿಗೆ ಯೂಟ್ಯೂಬ್ ಚಾನೆಲ್ ಶುರು ಮಾಡಿದೆ. ಗಂಜ್ ಮಾರುಕಟ್ಟೆಯ ವ್ಯಾಪಾರಿಗಳು, ಮಿಲ್ಲಿನವರು, ಖಾನಾವಳಿಯವರು ಕೇಳಲಿ ಎಂದು ಕನ್ನಡದಲ್ಲೇ ಮಾತಾಡಿದೆ. ಇಸ್ತ್ರಿ ಸೀರೆ ಉಟ್ಟು, ಪುಸ್ತಕದ ಕಪಾಟಿನ ಮುಂದೆ ನಿಂತು, ಗಂಟಲು ಸರಿಮಾಡಿಕೊಂಡು. ನೋಡಿದವರೆಲ್ಲ ನಮ್ಮ ನೆಂಟರು.

ಮಾನ್ವಿಯಿಂದ ಅಕ್ಕನ ವಾಯ್ಸ್ ಮೆಸೇಜ್ ಬಂತು. "ಸೀರಿ ಚಲೋ ಅದ. ಮಾತು ಒಂದೂ ತಿಳಿಲಿಲ್ಲ ಬೇ."

ಭಾವ ತೀರಿಕೊಂಡ ಮೇಲೆ ಅಕ್ಕ ಮಾನ್ವಿಯಲ್ಲಿ ರೊಟ್ಟಿ ಕೇಂದ್ರ ನಡೆಸುತ್ತಿದ್ದಳು. ಹತ್ತಾರು ಹೆಂಗಸರು ಅಲ್ಲಿ ಜೋಳದ ರೊಟ್ಟಿ ಬಡಿಯುತ್ತಿದ್ದರು. ಹಾಸ್ಟೆಲ್ಲುಗಳಿಗೆ, ಮದುವೆ ಮನೆಗಳಿಗೆ, ಸಿರವಾರದ ಖಾನಾವಳಿಗಳಿಗೆ ಅಲ್ಲಿಂದಲೇ ರೊಟ್ಟಿ ಹೋಗುತ್ತಿತ್ತು. ಮರು ಭಾನುವಾರ ನಾನು ಬಸ್ಸು ಹತ್ತಿ ಜಗಳಕ್ಕೆಂದೇ ಹೋದೆ. ಕುರ್ಡಿ ಕ್ರಾಸ್ ದಾಟುವಷ್ಟರಲ್ಲಿ ಏನೇನು ಅನ್ನಬೇಕೆಂದು ಬಾಯಿಪಾಠವಾಗಿತ್ತು. ಹಿಟ್ಟಿನ ಡಬ್ಬಿಗೆ ಫೋನು ಒರಗಿಸಿ, ರೆಕಾರ್ಡಿಂಗ್ ಒತ್ತಿ, "ಈಗ ಹೆಂಗ ತಿಳಿಯಂಗಿಲ್ಲ ನೋಡ್ತೀನಿ" ಎಂದು ಅವಳೆದುರು ಕೂತೆ.

"ಮೊದಲನೇದು, ಅಧಿಕಾರದ ವಿಕೇಂದ್ರೀಕರಣ."

"ಅಂದ್ರ?" ಅಂದಳು ಅಕ್ಕ.

"ಅಂದ್ರ, ನಿರ್ಣಯ ತಗೊಳ್ಳೋ ಹಕ್ಕನ್ನ ಕೆಳಗಿನ ಸ್ತರಕ್ಕ ವರ್ಗಾಯಿಸೋದು."

"ಅಂದ್ರ?"

"ಯಕ್ಕಾ, ಎಲ್ಲಾ ನೀನ ಮಾಡಬ್ಯಾಡ. ಬ್ಯಾರೆದವ್ರ ಕೈಗೂ ಬಿಡು."

"ಹಂಗ ಹೇಳು ಮತ್ತ! ಬಿಟ್ರ ಕೆಡಸ್ತಾರಲ್ಲ?"

"ಕೆಡಸ್ಲಿ. ಕೆಡಿಸಿ ಕಲೀತಾರ."

"ಹೇಳ್ತಿ ಬಿಡು. ನಿನ್ನ ಗಂಟೇನು ಹೋಗ್ತದ!"

ಹಂಚಿನ ಮುಂದಿದ್ದ ಹೆಂಗಸರೆಲ್ಲ ನಕ್ಕರು. ಸಿಟ್ಟು ಇಳಿಯದೆ ಅದನ್ನು ಹಾಗೇ ಅಪ್‌ಲೋಡ್ ಮಾಡಿದೆ. ಅಕ್ಕನ ಮಾನ ಹೋಗಲಿ ಎಂಬ ಆಸೆಯೂ ಇತ್ತು. ಆದದ್ದೇ ಬೇರೆ. ಕಿರಾಣಿ ಅಂಗಡಿಯವರು, ಹೊಲಿಗೆ ಕೆಲಸದವರು, ಅಕ್ಕಿ ಮಿಲ್ಲಿನ ಮುನೀಮರು ಕಮೆಂಟ್ ಹಾಕತೊಡಗಿದರು: ಇನ್ನೊಂದು ಮಾಡ್ರಿ, ಆ ಅಕ್ಕಾರು ಇರಲಿ. ಅವಳಿಗೆ 'ಅಂದ್ರ ಅಕ್ಕ' ಎಂದು ಹೆಸರಿಟ್ಟವರೂ ಅವರೇ. ಪ್ರಾಧ್ಯಾಪಕರೊಬ್ಬರು ಮಾತ್ರ, ವಿಷಯದ ಘನತೆಗೆ ಕುಂದು, ಹಿಂದೆ ಏನೋ ಬಡಿಯುವ ಸದ್ದು ಬೇರೆ, ಎಂದು ಬರೆದರು. ನಾನು ಕುದ್ದುಹೋದೆ. ಅಕ್ಕ, "ಪಾಪ, ಹಸಿದಿರಬೇಕು. ಒಂದು ಕಟ್ಟು ರೊಟ್ಟಿ ಕಳಸ್ಲೇನು?" ಅಂದಳು.

ಆಮೇಲೆ ಭಾನುವಾರಗಳಂದು ಇಬ್ಬರೂ ಸೇರಿ ವಿಡಿಯೋ ಮಾಡತೊಡಗಿದೆವು. ಅವಳು ಬರೀ ಕೇಳಿ ಬಿಡುವವಳಲ್ಲ. ಶೇಂಗಾ ಚಟ್ನಿಯ ಉಪ್ಪು ಖಾರವನ್ನು ಅದುವರೆಗೆ ಬೇರೆ ಯಾರಿಗೂ ಮುಟ್ಟಲು ಬಿಟ್ಟಿರಲಿಲ್ಲ. ಮೊದಲನೇ ವಿಡಿಯೋ ಆದ ಮೇಲೆ ಎಲ್ಲರಿಗಿಂತ ಹಳೆಯ ಹೆಂಗಸೊಬ್ಬಳಿಗೆ ಅದನ್ನು ಬಿಟ್ಟುಕೊಟ್ಟಳು. ಮೊದಲನೇ ಸಲ ಉಪ್ಪು ಜಾಸ್ತಿಯಾಗಿ ಅಷ್ಟೂ ಚಟ್ನಿ ದಂಡವಾಯಿತು. ಅಕ್ಕ ನನಗೆ ಫೋನು ಮಾಡಿ ಮನಸಾರೆ ಬೈದಳು, ಆ ಹೆಂಗಸಿಗೆ ಒಂದು ಮಾತೂ ಅನ್ನಲಿಲ್ಲ. ಕೆಲವು ತಿಂಗಳಲ್ಲಿ ಆ ಚಟ್ನಿ ಅಕ್ಕನದಕ್ಕಿಂತ ರುಚಿಯಾಗುತ್ತಿತ್ತು. ಆಮೇಲೆ ಲೆಕ್ಕ ಒಬ್ಬಳಿಗೆ, ಜೋಳ ತರುವುದು ಇನ್ನೊಬ್ಬಳಿಗೆ ಎಂದು ಒಂದೊಂದಾಗಿ ಎಲ್ಲವನ್ನೂ ಹಂಚಿದಳು.

ದೇವದುರ್ಗದ ಹೆಂಗಸರ ಸಂಘದವರು ನಮ್ಮಿಬ್ಬರನ್ನೂ ಕರೆಸಿದ್ದರು. ನಾನು ಎರಡು ವಾಕ್ಯ ಹೇಳುವಷ್ಟರಲ್ಲಿ ಹಿಂದಿನ ಸಾಲಿನಿಂದ ಯಾರೋ "ಅಂದ್ರ?" ಅಂದರು. ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ವಾಪಸ್ಸು ಬರುವಾಗ ಬಸ್ಸಿನಲ್ಲಿ ನನ್ನ ಹೆಗಲಿಗೆ ತಲೆಯಿಟ್ಟು, "ಮಂದಿ ಕೇಳಾಕ ಹೆದರ್ತಿದ್ರು ನೋಡು, ಈಗ ಕೇಳಾಕತ್ಯಾರ" ಅಂದಳು.

ನನ್ನ ತರಗತಿಯಲ್ಲಿ ಏನು ಹೇಳಿದರೂ ಹುಡುಗರು "ಹೂಂ ಮೇಡಂ" ಅನ್ನುತ್ತಾರೆ. ಸೆಮಿನಾರುಗಳಲ್ಲಿ ದೊಡ್ಡವರು ತಲೆದೂಗುತ್ತಾರೆ. ಹೂಂಗುಟ್ಟುವವರು ನನಗೆ ಬೇಕಾದಷ್ಟಿದ್ದರು. ಅಂದ್ರ ಅನ್ನುವವಳು ಅಕ್ಕ ಒಬ್ಬಳೇ. ಪಾಠ ಬರೆಯುವಾಗಲೂ ಅವಳು ಎಲ್ಲಿ ಬಾಯಿ ಹಾಕುತ್ತಾಳೆ ಎಂದು ಲೆಕ್ಕ ಹಾಕಿಯೇ ಬರೆಯುವುದು ರೂಢಿಯಾಗಿತ್ತು.

ಹೋದ ಬೇಸಿಗೆಯ ಒಂದು ಬೆಳಿಗ್ಗೆ ಚಟ್ನಿಯ ಹೆಂಗಸು ಫೋನು ಮಾಡಿದಳು. "ಮೇಡಂರೀ, ಅಕ್ಕಾರಿಗೆ ಲಕ್ವಾ ಹೊಡದದ್ರಿ. ಬಾಯಿ ಒಂದ್ ಕಡಿಗೆ ಹೋಗ್ಯಾದ. ಲಗೂನ ಬರ್ರಿ." ರಾಯಚೂರಿನ ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಬಲಗೈ ಉಳಿಯಲಿಲ್ಲ, ಮಾತು ಪೂರ್ತಿ ಹೋಯಿತು. ದಿನಾ ಅವಳ ಜೊತೆ ಮಾತಾಡುತ್ತಿರಿ, ಒಂದೊಂದೇ ಮಾತು ಮರಳಬಹುದು, ಎಂದರು ಡಾಕ್ಟರು. ನನಗೆ ಒಂದೊಂದೂ ಬೇಕಿರಲಿಲ್ಲ. ಆ ಒಂದು ಮಾತು ಬಂದರೆ ಸಾಕಿತ್ತು.

ರೊಟ್ಟಿ ಕೇಂದ್ರ ಒಂದು ದಿನವೂ ನಿಲ್ಲಲಿಲ್ಲ. ಜೋಳ ಬಂತು, ರೊಟ್ಟಿ ಹೋಯಿತು, ಚಟ್ನಿ ಕೆಡಲಿಲ್ಲ. ನಾನು ಕಲಿಸಿದ ಪಾಠವೊಂದು ಕಣ್ಣೆದುರಿಗೆ ಅಕ್ಷರಶಃ ನಿಜವಾದದ್ದು ಇದೊಂದೇ ಸಲ. ಅದನ್ನು ನೋಡುತ್ತ ಜೋಳದ ಚೀಲದ ಮೇಲೆ ಕೂತು ಅತ್ತೆ. ಎಲ್ಲ ಕೆಟ್ಟು ಕೆರ ಹಿಡಿದಿದ್ದರೂ ಚಿಂತೆಯಿರಲಿಲ್ಲ, ಅಕ್ಕ ಎದ್ದು ಬಂದು ಬೈದಿದ್ದರೆ ಸಾಕಿತ್ತು.

ಒಮ್ಮೆ ಒಬ್ಬಳೇ ವಿಡಿಯೋ ಮಾಡಲು ಕೂತೆ. ಒಂದು ವಾಕ್ಯ ಹೇಳಿ, ಅಭ್ಯಾಸಬಲದಿಂದ ಸುಮ್ಮನಾಗಿ ಕಾದೆ. ಆ ಮೌನವನ್ನು ತಡೆಯಲಾಗದೆ ಅಳಿಸಿಹಾಕಿದೆ. ಚಾನೆಲ್ ಅಲ್ಲಿಗೇ ನಿಂತಿದೆ. "ಅಂದ್ರ ಅಕ್ಕ ಎಲ್ರಿ ಮೇಡಂ?" ಎಂದು ಕೆಳಗೆ ಈಗಲೂ ಕೇಳುತ್ತಾರೆ. ಏನು ಬರೆಯಲಿ ಅವರಿಗೆ?

ಮಳೆಗಾಲ ಮುಗಿಯುವ ಹೊತ್ತಿಗೆ ಮತ್ತೆ ಫೋನು ಬಂತು. "ಅಕ್ಕಾರಿಗೆ ಮಾತು ಬಂತ್ರಿ!" ಕಾಲೇಜಿನಿಂದ ಹಾಗೇ ಮಾನ್ವಿ ಬಸ್ಸು ಹತ್ತಿದೆ. ಅಕ್ಕ ಕೇಂದ್ರದ ಬಾಗಿಲಲ್ಲಿ ಕುರ್ಚಿಯ ಮೇಲೆ ಕೂತಿದ್ದಳು. ಹೆಂಗಸರು ಸುತ್ತ ನಿಂತು ನನಗೆ ತೋರಿಸಿದರು.

"ಅಕ್ಕಾರ, ಚಾ ಕುಡಿತೀರೇನ್ರಿ?"

"ಹೂಂ."

"ತಂಗಿ ಬಂದಾಳ ನೋಡ್ರಿ."

"ಹೂಂ."

ಅವರಿಗೆಲ್ಲ ಹಿಗ್ಗೋ ಹಿಗ್ಗು. ನಾನು ಚಹಾ ಬ್ಯಾಡೇನು ಎಂದು ಕೇಳಿದೆ. ಅದಕ್ಕೂ ಹೂಂ.

ಹೆಂಗಸರು ಕೆಲಸಕ್ಕೆ ಹೋದ ಮೇಲೆ ಅವಳೆದುರು ನೆಲದ ಮೇಲೆ ಕೂತೆ. ನನ್ನ ಪ್ರಬಂಧದಲ್ಲಿ ನನಗೇ ಸರಿಯಾಗಿ ತಿಳಿಯದ ವಾಕ್ಯವೊಂದಿದೆ. ಅದನ್ನು ಕೇಳಿ ಅವಳು ಸುಮ್ಮನಿರುವುದು ಸಾಧ್ಯವೇ ಇಲ್ಲ ಎಂದುಕೊಂಡು, ನಿಧಾನವಾಗಿ ಹೇಳಿದೆ. "ಯಕ್ಕಾ, ಸಂಘಟನಾತ್ಮಕ ಪರಿಣಾಮಕಾರಿತ್ವವು ಬಹುಸ್ತರೀಯ ಅಂತರಸಂಬಂಧಗಳ ಕಾರ್ಯಾತ್ಮಕ ಸಮನ್ವಯವನ್ನು ಅವಲಂಬಿಸಿದೆ."

ಅಕ್ಕ ನನ್ನ ಮುಖವನ್ನೇ ನೋಡುತ್ತ ಪೂರ್ತಿ ಕೇಳಿಸಿಕೊಂಡಳು. ತುಟಿ ಅಲುಗಿತು. ನಾನು ಕಾದೆ.

"ಹೂಂ," ಅಂದಳು.

"ಅಂದ್ರ ಅಂತ ಕೇಳ ಯಕ್ಕಾ," ಅಂದೆ.

ಎಡಗೈಯಿಂದ ನನ್ನ ತಲೆ ಸವರಿ, ಅದಕ್ಕೂ ಹೂಂ ಅಂದಳು.