ಏಕನಾಥರಿಗೆ ಬೇಕಿದ್ದ ಒಂದು ಹನಿ

ದೆಹಲಿಯ ಲೋಧಿ ಕಾಲೋನಿಯ ಏಕನಾಥರು ಹಗಲು ಕೇಂದ್ರ ಸರ್ಕಾರದ ಸೆಕ್ಷನ್ ಆಫೀಸರ್, ಸಂಜೆ ಸಿನಿಮಾ ಪಂಡಿತರು. ಅವರ ಹೆಂಡತಿ ವಿಜಯಮ್ಮ ಟಿ.ವಿ.ಯ ಜೀವವಿಮೆ ಜಾಹೀರಾತಿಗೂ ಸೆರಗು ಒದ್ದೆ ಮಾಡಿಕೊಳ್ಳುವವರು. ಗಂಡ ಬರೆದ ಕವಿತೆಗಾಗಲಿ, ಆಡಿದ ನಾಟಕಕ್ಕಾಗಲಿ ಮಾತ್ರ ಒಂದು ಹನಿ ಉದುರಿಸಿದವರಲ್ಲ. ಆ ಹನಿಯನ್ನು ಗೆದ್ದೇ ನಿವೃತ್ತನಾಗುವೆನೆಂದು ಪಣ ತೊಟ್ಟ ಏಕನಾಥರು, 2006ರ ಚಳಿಗಾಲದಲ್ಲಿ ಹ್ಯಾಂಡಿಕ್ಯಾಮ್ ಹಿಡಿದು, ಕನ್ನಡ ಸಂಘದ ಸಂಕ್ರಾಂತಿ ಕೂಟಕ್ಕೆಂದು ಪ್ರೇಮಚಿತ್ರ ತೆಗೆಯಲು ದಂಡೆತ್ತಿ ಹೊರಟರು.

ಕಥೆ ಸರಳ. ಹೊಸದಾಗಿ ಮದುವೆಯಾದ ಗುಮಾಸ್ತನಿಗೆ ಗುವಾಹಟಿಗೆ ವರ್ಗ. ಹೆಂಡತಿ ದೆಹಲಿಯಲ್ಲೇ ಉಳಿಯುತ್ತಾಳೆ. ನಾಯಕ, ಮಗ ಸಾತ್ವಿಕ್. ನಾಯಕಿ, ಪಕ್ಕದ ಮನೆಯ ಅದಿತಿ. ಸರಳತೆಗೆ ಬಗ್ಗುವವರೇ ನಮ್ಮ ನಿರ್ದೇಶಕರು? ಬೀಳ್ಕೊಡುಗೆಗೆ ಮಂಜೇ ಬೇಕೆಂದರು. ಡಿಸೆಂಬರಿನ ದೆಹಲಿ ಧಾರಾಳವಾಗಿಯೇ ಕೊಟ್ಟಿತು.

“ಅಂಕಲ್, ಮೈಂ ದಿಖ್ ರಹೀ ಹೂಂ ಕ್ಯಾ?” ಮಂಜಿನೊಳಗಿಂದ ಅದಿತಿ ಕೂಗಿದಳು.

“ನೀನು ಕಾಣೋದು ಬೇಡಮ್ಮ, ವಿರಹ ಕಂಡರೆ ಸಾಕು!”

ಮೇಲೆ ಪಿಟೀಲು ಸುರಿದರು. ಸಾತ್ವಿಕ್ ಆಟೋ ಹತ್ತುವುದನ್ನು ಸ್ಲೋ ಮೋಷನ್ನಿನಲ್ಲಿ ಎಳೆದರು. ಕೂಟದ ದಿನ ಪರದೆಯ ಮೇಲೆ ಅವನ ಕಾಲು ಎದ್ದದ್ದು ಇಳಿಯುವಂತೆಯೇ ಕಾಣಲಿಲ್ಲ.

“ಹತ್ತಪ್ಪಾ ಮಾರಾಯ, ಟ್ರೇನು ಹೋಯ್ತು!” ಎಂದರು ಹಿಂದಿನ ಸಾಲಿನ ಅನಂತಮೂರ್ತಿ.

ಸಭೆಯೇ ಬಿದ್ದು ಬಿದ್ದು ನಕ್ಕಿತು. ವಿಜಯಮ್ಮನ ಕಣ್ಣಲ್ಲೂ ನೀರು ಬಂತು, ನಗುವಿನದು, ಲೆಕ್ಕಕ್ಕಿಲ್ಲ.

ಸೋತ ಸೇನಾಪತಿ ಎರಡು ವಾರ ಮುಖ ಊದಿಸಿಕೊಂಡಿದ್ದು, ಕೊನೆಗೊಂದು ಭಾನುವಾರ ಕಂಪ್ಯೂಟರಿನ ಮುಂದೆ ಕುಳಿತು ಮಂಜು, ಪಿಟೀಲು, ಸ್ಲೋ ಮೋಷನ್ ಎಲ್ಲವನ್ನೂ ಕತ್ತರಿಸಿದರು. ಉಳಿದ ತುಂಡಿಗೆ, ಶೈಲಿಯೇ ಇಲ್ಲವೆಂದು ಹಿಂದೆ ಬಿಸಾಡಿದ್ದ ದೃಶ್ಯವೊಂದನ್ನು ಸೇರಿಸಿದರು: ಗಂಡ ಹೋದ ಮೇಲೆ ಅದಿತಿ ಬಾಲ್ಕನಿಯ ಹಗ್ಗದಿಂದ ಅವನ ಷರ್ಟು ತೆಗೆದು ಮಡಚುತ್ತಾಳೆ, ಸರಿಯಾಗಲಿಲ್ಲವೆಂದು ಬಿಚ್ಚಿ ಮತ್ತೆ ಮಡಚುತ್ತಾಳೆ. ಕ್ಯಾಮೆರಾ ಅಲ್ಲಾಡುವುದೇ ಇಲ್ಲ.

ಅವರೆಕಾಯಿ ಸುಲಿಯುತ್ತಾ ನೋಡುತ್ತಿದ್ದ ವಿಜಯಮ್ಮನ ಕೈ ನಿಂತಿತು. ಮೂಗು ಸೊರ್ ಎಂದಿತು.

“ನೀವು ವರ್ಗವಾಗಿ ಗುವಾಹಟಿಗೆ ಹೋದ ದಿನ ನಾನೂ ಹೀಗೇ ಮಾಡಿದ್ದೆ ಕಣ್ರೀ. ಯಾರು ಹೇಳಿದ್ರು ನಿಮಗೆ?”

ಯಾರೂ ಹೇಳಿರಲಿಲ್ಲ. ಹುಡುಗಿಯ ಕೈಗೊಂದು ಕೆಲಸವಿರಲಿ ಎಂದು ಷರ್ಟು ಕೊಟ್ಟಿದ್ದರು, ಅಷ್ಟೇ. ಆದರೂ ವಿಜಯೋತ್ಸಾಹದಲ್ಲಿ ಏಕನಾಥರು ಹ್ಯಾಂಡಿಕ್ಯಾಮ್ ಎತ್ತಿಕೊಂಡರು.

“ಅಲ್ಲಾಡಬೇಡ ವಿಜಯಾ! ಒಂದೇ ಒಂದು ಕ್ಲೋಸಪ್!”

“ಅದನ್ನ ಕೆಳಗಿಡಿ. ಇಲ್ಲಾಂದ್ರೆ ಈ ಸಲ ಗುವಾಹಟಿಗೆ ನಾನೇ ಕಳಿಸ್ತೀನಿ,” ಎಂದು ವಿಜಯಮ್ಮ ಅವರೆಕಾಯಿಯ ಮೊರವನ್ನು ಗಂಡನ ಮಡಿಲಿಗೆ ತಳ್ಳಿದರು.