ಸೀಸನ್ ಮುಗಿದ ಮೇಲೆ ಕೊಡ್ತೀನಿ

ನಾನು ಅಡಿಕೆ ಸುಲಿಯುವ ಗುಂಪು ನಡೆಸುವವಳು. ಚನ್ನಗಿರಿ ಕಡೆ ಹೆಂಗಸು ಮೇಸ್ತ್ರಿ ಅಂದರೆ ಈಗಲೂ ಕೆಲವರು ಮುಖ ತಿರುಗಿಸಿ ನಗುತ್ತಾರೆ. ನಗಲಿ. ಕಾಯಿ ಬಂದು ಬಿದ್ದಾಗ ಫೋನ್ ಮಾಡುವವರೂ ಅವರೇ. ತೋಟದ ಫಸಲನ್ನು ಖೇಣಿಗೆ, ಅಂದರೆ ವರ್ಷದ ಗುತ್ತಿಗೆಗೆ, ಹಿಡಿದ ವ್ಯಾಪಾರಿ ಅಡಿಕೆ ಗೊನೆ ಇಳಿಸಿದ ಮೇಲೆ ಹಸಿಕಾಯಿ ಕಾಯುವುದಿಲ್ಲ. ಬೇಗ ಸುಲಿಯಬೇಕು, ಬೇಯಿಸಬೇಕು, ತಡವಾದರೆ ಬಣ್ಣ ಕೆಡುತ್ತದೆ. ಅದಕ್ಕೇ ಸೀಸನ್ನಿನಲ್ಲಿ ನನ್ನ ಕಡೆಯವರು ಇಪ್ಪತ್ತು ಮಂದಿ ಇದ್ದರೆ ಇಪ್ಪತ್ತು ಮಂದಿಯೂ ಬೆಳಿಗ್ಗೆ ಕಾಲಲ್ಲಿ ಮೆಟ್ಟಿ ಸುಲಿಯುವ ಮೆಟ್ಟುಗತ್ತಿ ಮುಂದೆ ಕೂತಿರಬೇಕು. ಒಬ್ಬರು ಕಮ್ಮಿಯಾದರೂ ನನ್ನ ಬಾಯಿ ಜೋರಾಗುತ್ತದೆ, ಅದು ಊರಿಗೇ ಗೊತ್ತು.

ಅಪ್ಪನ ಕಾಲದಿಂದ ನಮ್ಮಲ್ಲಿ ಒಂದು ರೂಢಿ ಇತ್ತು. ಜಗಳೂರು ಕಡೆಯಿಂದ ಬರುವ ಸುಲಿಯುವವರು ಬಂದ ದಿನವೇ ತಮ್ಮ ರೇಷನ್ ಕಾರ್ಡು, ಈಚೆಗೆ ಆಧಾರ್ ಕಾರ್ಡು, ಮೇಸ್ತ್ರಿ ಕೈಗೆ ಕೊಟ್ಟುಬಿಡುತ್ತಾರೆ. ಶೆಡ್ಡಿನಲ್ಲಿ ಮಲಗುವವರು, ಎಲ್ಲಾದರೂ ಕಳೆದುಹೋದೀತು ಅನ್ನುವುದು ಬಾಯಲ್ಲಿ ಹೇಳುವ ಕಾರಣ. ಬೇರೆ ಗುಂಪಿನವರು ಅವರನ್ನು ಅರ್ಧಕ್ಕೆ ಎಬ್ಬಿಸಿಕೊಂಡು ಹೋಗಬಾರದು ಅನ್ನುವುದು ಯಾರೂ ಹೇಳದ ಕಾರಣ. ಅಪ್ಪ ಅವನ್ನೆಲ್ಲ ಬಿಸ್ಕತ್ತಿನ ತಗಡಿನ ಡಬ್ಬಿಯಲ್ಲಿ ಇಡುತ್ತಿದ್ದ. ನಾನೂ ಅದೇ ಡಬ್ಬಿಯಲ್ಲೇ ಇಟ್ಟೆ. ಸೀಸನ್ ಮುಗಿದ ದಿನ ಒಂದೊಂದೇ ಹೆಸರು ಕೂಗಿ ವಾಪಸ್ ಕೊಡುತ್ತಿದ್ದೆ. ಒಂದೂ ಕಳೆಯಲಿಲ್ಲ. ಅದರಲ್ಲಿ ತಪ್ಪೇನಿದೆ ಅಂತ ನನಗೆ ಒಂದು ದಿನವೂ ಅನ್ನಿಸಿರಲಿಲ್ಲ.

ಒಂದು ದಿನವೂ ಅಂದೆ, ಅದು ಸುಳ್ಳು. ಒಂದು ದಿನ ಅನ್ನಿಸಿತ್ತು. ಮೂರು ಸೀಸನ್ ಹಿಂದೆ, ಜಗಳೂರಿನ ಒಬ್ಬಳು, ನನ್ನ ಗುಂಪಿನಲ್ಲೇ ಕೈ ಚುರುಕಿನವಳು, ಮಧ್ಯಾಹ್ನ ಊಟಕ್ಕೆ ಎದ್ದಾಗ ಹತ್ತಿರ ಬಂದಳು. "ಅಕ್ಕ, ಅವ್ವನಿಗೆ ಭಾಳ ಸೀರಿಯಸ್ ಐತಂತೆ. ಆಸ್ಪತ್ರೆಗೆ ಸೇರಿಸಾಕೆ ಕಾರ್ಡು ಕೇಳ್ತಾರಂತೆ. ಅವ್ವನ ಹೆಸರೂ ನನ್ನ ರೇಷನ್ ಕಾರ್ಡಿನಾಗೇ ಐತೆ. ಒಂದು ಸಲ ಕೊಡ್ರಿ, ಹೋಗಿ ಬರ್ತೀನಿ" ಅಂದಳು. ಅವತ್ತು ಎರಡು ಟ್ರ್ಯಾಕ್ಟರ್ ಕಾಯಿ ಅಂಗಳದಲ್ಲಿ ಬಿದ್ದಿತ್ತು. ಕಾರ್ಡು ಕೊಟ್ಟರೆ ಇವಳು ಹೋಗುತ್ತಾಳೆ, ಇವಳು ಹೋದರೆ ಇವಳ ಜೊತೆ ನಾಲ್ಕು ಜನ ಹೋಗುತ್ತಾರೆ. "ನಾಲ್ಕು ದಿನ ತಡಿ. ಸೀಸನ್ ಮುಗಿದ ಮೇಲೆ ಕೊಡ್ತೀನಿ" ಅಂದೆ. ಅವಳು ತಲೆ ಆಡಿಸಿ ಹೋಗಿ ಕೂತಳು. ಮೂರನೇ ದಿನಕ್ಕೆ ಅವ್ವ ತೀರಿಕೊಂಡ ಸುದ್ದಿ ಬಂತು. ನಾನು ಡಬ್ಬಿ ತೆಗೆದು ಕಾರ್ಡು ಕೊಟ್ಟೆ, ಅವಳು ಸೆರಗಿಗೆ ಗಂಟು ಹಾಕಿಕೊಂಡು ಹೋದಳು. ಒಂದು ಮಾತು ಬೈಯಲಿಲ್ಲ. ಮುಂದಿನ ವರ್ಷ ಮತ್ತೆ ಬಂದು, ಅದೇ ಕಾರ್ಡನ್ನು ತಾನಾಗಿಯೇ ನನ್ನ ಕೈಯಲ್ಲಿ ಇಟ್ಟಳು. ನಾನು ಇಸ್ಕೊಂಡೆ.

ಈಗ ನನ್ನ ತಮ್ಮನ ವಿಷಯ. ನಮ್ಮ ಅವ್ವ ಅಪ್ಪ ಇಬ್ಬರೂ ಹೋದ ಮೇಲೆ ಅವನನ್ನು ಸಾಕಿದವಳು ನಾನೇ. ಇಪ್ಪತ್ತೇಳು ವರ್ಷದ ಗಂಡಸು, ನನ್ನ ಗುಂಪಿನ ಗಾಡಿ ಓಡಿಸಿಕೊಂಡಿದ್ದ. ಒಂದು ದಿನ ಹೊನ್ನಾಳಿಯಿಂದ ಬಂದವನೇ, ಫಾರಿನ್‌ಗೆ ಹೋಗುತ್ತೀನಿ ಅಂದ. ಬಸ್ ಸ್ಟ್ಯಾಂಡ್ ಹತ್ತಿರ ಒಬ್ಬ ಏಜೆಂಟ್ ಇದ್ದಾನೆ, ಸೀಸನ್ ವೀಸಾ ಮಾಡಿಸುತ್ತಾನೆ, ಏಳೆಂಟು ತಿಂಗಳು ಕೆಲಸ, ಮುಗಿದ ಕೂಡಲೇ ವಾಪಸ್.

"ಏನು ಕೆಲಸ?" ಅಂದೆ.

"ಹುಲ್ಲು ಕತ್ತರಿಸೋದು."

ನಾನು ನಕ್ಕುಬಿಟ್ಟೆ. ಸಮುದ್ರ ದಾಟಿ ಹೋಗಿ ಹುಲ್ಲು ಕೊಯ್ಯುವುದಾದರೆ ಸೂಳೆಕೆರೆ ಏರಿ ಮೇಲೆ ಬೇಕಾದಷ್ಟು ಐತಲ್ಲೋ ಅಂದೆ. ಅವನು ಸೀರಿಯಸ್ಸಾಗಿ ವಿವರಿಸಿದ. ಅಲ್ಲಿ ಮನೆಗಳ ಮುಂದೆ ಹುಲ್ಲು ಬೆಳೆಸುತ್ತಾರಂತೆ. ನೀರು ಬಿಡುತ್ತಾರಂತೆ, ಗೊಬ್ಬರ ಹಾಕುತ್ತಾರಂತೆ, ಆಮೇಲೆ ಕತ್ತರಿಸಿ ಚೀಲಕ್ಕೆ ತುಂಬಿ ಎಸೆಯುತ್ತಾರಂತೆ, ದನಕ್ಕೂ ಹಾಕುವುದಿಲ್ಲವಂತೆ. ದನ ತಿನ್ನದ ಹುಲ್ಲಾದ್ದರಿಂದ ಅದು ಕೃಷಿ ಕೆಲಸ ಅಲ್ಲವಂತೆ. ಕೃಷಿಗೆ ಬೇರೆ ವೀಸಾ, ಇದಕ್ಕೆ ಬೇರೆ ವೀಸಾ. ಹಿಮ ಬೀಳುವ ತನಕ ಹುಲ್ಲು ಬೆಳೆಯುತ್ತದೆ, ಹಿಮ ಬಿದ್ದರೆ ಸೀಸನ್ ಮುಗಿಯಿತು.

ಏಜೆಂಟ್ ನನ್ನನ್ನೂ ಕರೆಸಿದ. ಅಂಗಡಿ ತುಂಬ ತಣ್ಣಗಿತ್ತು, ಮಾತೂ ತಣ್ಣಗಿತ್ತು. "ನೋಡಮ್ಮ, ಇಂಟರ್‌ವ್ಯೂನಲ್ಲಿ ಕೇಳೋದು ಒಂದೇ. ವಾಪಸ್ ಯಾಕೆ ಹೋಗ್ತೀಯ ಅಂತ. ಜಮೀನು ಐತೆ, ಅಕ್ಕ ಇದಾಳೆ, ಅವಳಿಗೆ ನಾನೊಬ್ಬನೇ ಅಂತ ಹೇಳಬೇಕು" ಅಂದ. ಪಹಣಿ ತಗೊಂಡ. ಮನೆ ಬಾಗಿಲ ಮುಂದೆ ನಮ್ಮಿಬ್ಬರನ್ನೂ ನಿಲ್ಲಿಸಿ ತೆಗೆದ ಫೋಟೋ ತಗೊಂಡ. ಇನ್ನೊಂದು ಮಾತು ಹೇಳಿದ. ಈ ವೀಸಾಕ್ಕೆ ಒಬ್ಬನೇ ಮಾಲೀಕ, ಅವನನ್ನು ಬಿಟ್ಟು ಬೇರೆ ಕಡೆ ಕೆಲಸಕ್ಕೆ ಕೈ ಹಾಕಿದರೆ ವೀಸಾ ಸತ್ತಂತೆ, ಕೊನೇ ತಾರೀಕು ದಾಟಿ ಒಂದು ದಿನ ಉಳಿದರೂ ಕಳ್ಳನ ಲೆಕ್ಕ. ಒಳ್ಳೇದೇ ಆಯಿತು ಅಂದುಕೊಂಡೆ. ತಾರೀಕು ಬರೆದು ಕಳಿಸಿದ್ದಾರೆ ಅಂದ ಮೇಲೆ ವಾಪಸ್ ಕಳಿಸಲೇಬೇಕಲ್ಲ.

ಯುಗಾದಿ ಮುಗಿಸಿ ಹೋದ. ಅವನ ಜೊತೆ ನ್ಯಾಮತಿಯ ಒಬ್ಬ ಹುಡುಗ, ಹೊನ್ನಾಳಿ ಕಡೆಯವರು ಇಬ್ಬರು. ಹೋದ ನಾಲ್ಕನೇ ದಿನ ಬೆಳಿಗ್ಗೆ ನಾನು ಒಲೆ ಮುಂದೆ ಕೂತಿದ್ದಾಗ ಫೋನ್ ಬಂತು.

"ಅಕ್ಕ, ಇಲ್ಲಿ ಸೂಪರ್‌ವೈಸರ್ ಅಂತ ಒಬ್ಬ ಹಿಂದಿಯವನು ಇದಾನೆ. ಎಲ್ಲರ ಪಾಸ್‌ಪೋರ್ಟ್ ಕೊಡ್ರಿ, ಭದ್ರವಾಗಿ ಇಟ್ಟಿರ್ತೀನಿ ಅಂತಾನೆ. ನಾವೆಲ್ಲ ಕೊಡಾಕೆ ರೆಡಿ. ನ್ಯಾಮತಿಯವನು ಮಾತ್ರ ಕೊಡಲ್ಲ ಅಂತ ಹಟ ಹಿಡಿದಾನೆ. ಏನು ಮಾಡಾಣ?"

ಎರಡನೇ ಸಲ ಯೋಚನೆ ಮಾಡಲಿಲ್ಲ ನಾನು. "ಕೊಡ್ರೋ. ನಾನೂ ಇಟ್ಕೊಳ್ತೀನಲ್ಲ, ಒಂದಾದ್ರೂ ಕಳ್ದಿದೀನಾ? ಹೋಗಿ ವಾರ ಆಗೋದ್ರಾಗೇ ಮೇಸ್ತ್ರಿನ ಎದುರು ಹಾಕ್ಕೊಂಡ್ರೆ ಕೆಲಸ ಹೆಂಗೆ ಮಾಡ್ತೀರಿ?" ಅಂದೆ. ಪಕ್ಕದಲ್ಲಿದ್ದ ನ್ಯಾಮತಿ ಹುಡುಗನಿಗೆ ಅವನು ಹೇಳುತ್ತಿದ್ದುದು ನನಗೆ ಕೇಳಿಸಿತು. "ನಮ್ಮಕ್ಕನೂ ಹಿಂಗೇ ಇಟ್ಕೊಳ್ತಾಳೆ ಕಣೋ, ಏನೂ ಆಗಲ್ಲ ಕೊಡು." ಸ್ವಲ್ಪ ಹೊತ್ತಿಗೆ, "ಕೊಟ್ಟ ಅಕ್ಕ" ಅಂದ. ನಾನು ಖುಷಿಯಾಗಿ ಮಜ್ಜಿಗೆ ಕಡೆಯಲು ಹೋದೆ.

ಅಲ್ಲಿಯ ಬೇಸಿಗೆ ಪೂರ್ತಿ ಫೋಟೋ ಕಳಿಸುತ್ತಿದ್ದ. ಗಾಲಿ ಇರುವ ಮಿಷನ್ ತಳ್ಳುತ್ತಾ ನಿಂತ ಫೋಟೋ, ಹಿಂದೆ ಬಾಚಣಿಕೆ ಆಡಿಸಿದಂತೆ ಗೆರೆ ಬಿದ್ದ ಹುಲ್ಲು. ಫೋಟೋದಲ್ಲಿ ಮನೆಯವರು ಯಾರೂ ಇರುತ್ತಿರಲಿಲ್ಲ. ಅಷ್ಟು ದೊಡ್ಡ ಮನೆ, ಅಷ್ಟು ಹುಲ್ಲು, ಒಂದು ಕೋಳಿ ಕೂಡ ಇಲ್ಲ. ನನಗೆ ಅದು ಸರಿ ಕಾಣುತ್ತಿರಲಿಲ್ಲ, ಆದರೆ ಕಾರಣ ಹೇಳಲು ಬರುತ್ತಿರಲಿಲ್ಲ. ಇಲ್ಲಿ ಸುಲಿಯುವ ಸೀಸನ್ ಶುರುವಾಯಿತು, ನಾನು ಅದರಲ್ಲಿ ಮುಳುಗಿದೆ.

ದೀಪಾವಳಿ ಕಳೆದು ಹದಿನೈದು ದಿನಕ್ಕೆ ಅಲ್ಲಿ ಹಿಮ ಬಿತ್ತು. ವೀಸಾದ ಕೊನೇ ತಾರೀಕಿಗೆ ಇನ್ನು ಹನ್ನೊಂದು ದಿನ ಇತ್ತು. ತಮ್ಮ ಹೋಗಿ ಪಾಸ್‌ಪೋರ್ಟ್ ವಾಪಸ್ ಕೇಳಿದ. ಸೂಪರ್‌ವೈಸರ್ ಹೇಳಿದ್ದನ್ನು ಅವನು ಹಿಂದಿಯಲ್ಲೇ ನನಗೆ ಹೇಳಿ, ಆಮೇಲೆ ಕನ್ನಡದಲ್ಲಿ ಹೇಳಿದ. "ಹುಲ್ಲಿನ ಸೀಸನ್ ಮುಗೀತು, ಹಿಮ ಎತ್ತೋ ಸೀಸನ್ ಈಗ ಶುರು. ಅದು ಮುಗಿದ ಮೇಲೆ ಕೊಡ್ತೀನಿ ಅಂದ ಅಕ್ಕ."

ಆ ಮಾತು ನನ್ನದು. ನಾನು ಹೇಳಿದ ಧಾಟಿಯಲ್ಲೇ ಇತ್ತು.

"ತಾರೀಕು ಮುಗಿಯುತ್ತಲ್ಲೋ" ಅಂದೆ.

"ಅದನ್ನೇ ಕೇಳಿದೆ. ತಾರೀಕು ನೋಡ್ಕೊಳ್ಳಾಕೆ ನಾನಿದೀನಿ ಅಂತಾನೆ."

ಹನ್ನೊಂದು ದಿನ ನಾನು ಸರಿಯಾಗಿ ಉಣ್ಣಲಿಲ್ಲ. ಹೊನ್ನಾಳಿಗೆ ಎರಡು ಸಲ ಹೋದೆ. ಎರಡನೇ ಸಲ ಏಜೆಂಟ್ ಚಹಾ ತರಿಸಿ ಕೊಟ್ಟ. ಗಟ್ಟಿಯಾಗಿ ಮಾತಾಡಬೇಕು ಅಂತಲೇ ಹೋದವಳು ನಾನು, ಮಾತಾಡಿದೆ ಕೂಡ. ಅವನು ಪೂರ್ತಿ ಕೇಳಿಸಿಕೊಂಡು, "ಪಾಸ್‌ಪೋರ್ಟ್ ಎಲ್ಲೂ ಓಡಿ ಹೋಗಲ್ಲಮ್ಮ. ನೀವೂ ಗುಂಪು ನಡೆಸೋರು. ನಿಮಗೆ ನಾನು ಹೇಳಿಕೊಡಬೇಕಾ?" ಅಂದ. ನನ್ನ ಡಬ್ಬಿಯ ವಿಷಯ ತಮ್ಮ ಅವನಿಗೆ ಹೇಳಿದ್ದನೋ ಏನೋ. ಚಹಾ ಲೋಟ ಕೆಳಗಿಟ್ಟು ಎದ್ದೆ. ಹೊರಗೆ ಬೆಂಚಿನ ಮೇಲೆ ಮುಂದಿನ ಬ್ಯಾಚಿನ ಹುಡುಗರು ಪಾಸ್‌ಪೋರ್ಟ್ ಸೈಜಿನ ಫೋಟೋ ಹಿಡಿದು ಕೂತಿದ್ದರು. ಅವರ ಮುಂದೆಯೇ ನಡೆದು ಬಂದೆ. ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ತಮ್ಮ ಅವರ ಕೈಯಲ್ಲಿದ್ದಾನೆ, ನಾನಿಲ್ಲಿ ಗಲಾಟೆ ಮಾಡಿದರೆ ಅಲ್ಲಿ ಅವನ ಗತಿ ಏನು ಅನ್ನುವ ಹೆದರಿಕೆ.

ತಾರೀಕು ದಾಟಿತು. ಅವತ್ತಿನಿಂದ ಅವನ ದನಿಯೇ ಬದಲಾಯಿತು. ಪೊಲೀಸ್ ಗಾಡಿ ಕಂಡರೆ ದಾರಿ ಬಿಟ್ಟು ನಡೆಯುತ್ತೀವಿ ಅಂದ. ನಮ್ಮ ದೇಶದ ಆಫೀಸು ದೂರ ಇದೆ, ಅಲ್ಲಿಗೆ ಹೋದರೆ ತಾರೀಕು ದಾಟಿದವರನ್ನು ಹಿಡಿದುಕೊಡುತ್ತಾರೆ ಅಂತ ಸೂಪರ್‌ವೈಸರ್ ಹೇಳಿದ್ದನ್ನೇ ನಂಬಿ ಕೂತಿದ್ದ. ನಾನು ಎಷ್ಟು ಹೇಳಿದರೂ ಹೋಗಲಿಲ್ಲ. ಸಂಕ್ರಾಂತಿ ಹೊತ್ತಿಗೆ ನ್ಯಾಮತಿ ಹುಡುಗ ಒಂದು ಬೆಳಿಗ್ಗೆ ಬ್ಯಾಗು ತಗೊಂಡು, ಪಾಸ್‌ಪೋರ್ಟ್ ಇಲ್ಲದೆಯೇ ರೂಮಿನಿಂದ ಹೊರಟುಹೋದ. ಅವನು ಎಲ್ಲಿದ್ದಾನೆ ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಕೊಡಲ್ಲ ಅಂದಿದ್ದವನು ಅವನೊಬ್ಬನೇ. ಅವನಿಂದ ಕೊಡಿಸಿದವಳು ನಾನು.

ಊರಲ್ಲಿ ಯಾರಾದರೂ ಕೇಳಿದರೆ, ಕೆಲಸ ಚೆನ್ನಾಗಿ ಮಾಡುತ್ತಾನೆ ಅಂತ ವೀಸಾ ಮುಂದುವರಿಸಿದ್ದಾರೆ ಅನ್ನುತ್ತಿದ್ದೆ. ನಾಚಿಕೆಗೆ ಹೇಳಿದ ಸುಳ್ಳು. ತಮ್ಮ ಸಿಕ್ಕಿಹಾಕಿಕೊಂಡಿದ್ದಾನೆ ಅಂದರೆ, ನಿನಗೆ ಅಷ್ಟೂ ಗೊತ್ತಾಗಲಿಲ್ಲವಾ ಅನ್ನುತ್ತಾರಲ್ಲ. ಆ ಸುಳ್ಳನ್ನು ನಂಬಿದವರಲ್ಲಿ ಜಗಳೂರಿನ ಅವಳೂ ಒಬ್ಬಳು, ಕಾರ್ಡು ಕೇಳಿ ಸಿಗದೆ ಅವ್ವನನ್ನು ಕಳಕೊಂಡವಳು. ಅವಳಿಗೆ ಒಬ್ಬನೇ ಮಗ. ಅವನನ್ನೂ ಹೊನ್ನಾಳಿಗೆ ಕರೆದುಕೊಂಡು ಹೋಗಿ ಹೆಸರು ಬರೆಸಿದ್ದಾಳೆ ಅನ್ನುವುದು ನನಗೆ ಗೊತ್ತಾದದ್ದು ಅವನು ವಿಮಾನ ಹತ್ತಿದ ಮೇಲೆ.

ಅದಾದ ಐದಾರು ದಿನಕ್ಕೆ ತಮ್ಮ ಫೋನ್ ಮಾಡಿದ. ಎಷ್ಟೋ ತಿಂಗಳ ಮೇಲೆ ಅವನ ದನಿಯಲ್ಲಿ ಜೀವ ಇತ್ತು.

"ಅಕ್ಕ, ಹೊಸ ಬ್ಯಾಚ್ ಬಂದೈತೆ. ಈ ಸಲ ಪಾಸ್‌ಪೋರ್ಟ್ ಇಸ್ಕೊಳ್ಳೋ ಕೆಲಸ ಸೂಪರ್‌ವೈಸರ್ ನನಗೇ ಕೊಟ್ಟಾನೆ. ನಮ್ಮ ಕಡೆ ಹುಡುಗರಲ್ವಾ, ನಾನು ಹೇಳಿದ್ರೆ ಕೊಡ್ತಾರೆ. ಎಲ್ಲರದೂ ಇಸ್ಕೊಂಡು ಕೊಟ್ರೆ ನಂದು ವಾಪಸ್ ಕೊಡ್ತಾನಂತೆ. ಒಬ್ಬರದೂ ತಪ್ಪಬಾರದಂತೆ. ಜಗಳೂರಿನವನೊಬ್ಬ ಮಾತ್ರ, ಅವ್ವನ್ನ ಕೇಳಿ ಕೊಡ್ತೀನಿ ಅಂತ ಕೂತಾನೆ." ಆಮೇಲೆ ಅಂದ, "ನಾನೂ ಒಂದು ಡಬ್ಬಿ ಮಾಡ್ಕೊಂಡೀನಿ ಅಕ್ಕ. ನಿನ್ನ ತರಾನೇ."

ಬೈಯಬೇಕಿತ್ತು. ಬಿಸಿ ಬಿಸಿ ಬೈಗುಳ ಬಾಯಿಗೆ ಬಂದಿತ್ತು ಕೂಡ. ಆದರೆ ನನ್ನ ಕಿವಿಯಲ್ಲಿ ಉಳಿದದ್ದು ಒಂದೇ, ನಂದು ವಾಪಸ್ ಕೊಡ್ತಾನಂತೆ ಅನ್ನುವುದು. "ಹುಷಾರಪ್ಪ" ಅಂದು ಇಟ್ಟೆ.

ಅರ್ಧ ಗಂಟೆ ಆಗಿರಲಿಲ್ಲ, ಜಗಳೂರಿನವಳ ಫೋನ್ ಬಂತು.

"ಅಕ್ಕ, ಆರಾಮಿದೀರಾ? ನನ್ನ ಮಗನ ಹತ್ರ ಪಾಸ್‌ಪೋರ್ಟ್ ಕೇಳ್ತಾರಂತೆ. ಕೇಳೋರು ನಿಮ್ಮ ತಮ್ಮನೇ ಅಂತೆ. ಕೊಡಲಾ ಬ್ಯಾಡಾ ಅಂತಾನೆ. ಅಕ್ಕನ್ನ ಕೇಳಿ ಹೇಳ್ತೀನಿ ತಡಿ ಅಂದೆ. ನೀವು ಹೆಂಗೆ ಹೇಳಿದ್ರೆ ಹಂಗೆ."

ಕೊಡಬೇಡ ಅನ್ನಲು ಎರಡು ಉಸಿರೂ ಬೇಕಿರಲಿಲ್ಲ. ಅವಳ ಅವ್ವನ ನೆನಪು ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ಬಂತು. ಅಂಗಳದ ಎರಡು ಟ್ರ್ಯಾಕ್ಟರ್ ಕಾಯಿಯೂ ನೆನಪಿಗೆ ಬಂತು. ಏಜೆಂಟ್ ತಗೊಂಡ ಫೋಟೋದಲ್ಲಿ ನನ್ನ ಹೆಗಲ ಮೇಲೆ ಕೈ ಹಾಕಿ ನಗುವ ತಮ್ಮನೂ ಕಣ್ಣ ಮುಂದೆ ಬಂದ.

"ಕೊಡ್ಲಿ ಬಿಡು" ಅಂದೆ. "ಸೀಸನ್ ಮುಗಿದ ಮೇಲೆ ಕೊಡ್ತಾರೆ."

"ಆಯ್ತು ಬಿಡ್ರಿ ಅಕ್ಕ. ನೀವು ಹೇಳಿದ ಮೇಲೆ ಇನ್ನೇನು" ಅಂದಳು.

ತಮ್ಮ ಇನ್ನೂ ಬಂದಿಲ್ಲ. ಇವನಂಥ ನಂಬಿಕೆಯವನು ಇನ್ನೊಬ್ಬ ಸಿಗುವ ತನಕ ಇರಲಿ ಅಂದನಂತೆ ಸೂಪರ್‌ವೈಸರ್. ಈಗ ಇಲ್ಲಿ ಸುಲಿಯುವ ಸೀಸನ್. ಅವಳು ಮೊನ್ನೆ ಬಂದಳು. ಬಂದವಳೇ ಕಾರ್ಡು ತೆಗೆದು ಚಾಚಿದಳು. "ಬೇಡ, ನಿನ್ನ ಹತ್ರನೇ ಇಟ್ಕೋ, ಈ ವರ್ಷದಿಂದ ನಾನು ಯಾರದೂ ಇಸ್ಕೊಳ್ಳಲ್ಲ" ಅಂದೆ. ಅವಳು ಒಪ್ಪಲಿಲ್ಲ. "ಇರ್ಲಿ ಇಟ್ಕೊಳ್ರಿ, ನಿಮ್ಮ ಹತ್ರ ಇದ್ರೆ ನನಗೆ ಧೈರ್ಯ" ಅಂತ ನನ್ನ ಕೈ ಹಿಡಿದು ಅಂಗೈಯೊಳಗೆ ಇಟ್ಟಳು. ಡಬ್ಬಿಯಲ್ಲಿ ಈಗ ಅದೊಂದೇ ಕಾರ್ಡು ಇದೆ.

ನನ್ನ ಎದುರಿಗೇ ಮೆಟ್ಟುಗತ್ತಿ ಹಾಕಿಕೊಂಡು ಕೂರುತ್ತಾಳೆ. ಇವತ್ತು ಮಧ್ಯಾಹ್ನ ಕೈ ನಿಲ್ಲಿಸದೆ ಕೇಳಿದಳು.

"ಅಲ್ಲಿ ಹಿಮ ಯಾವಾಗ ಬೀಳ್ತೈತೆ ಅಕ್ಕ?"

"ದೀಪಾವಳಿ ಕಳೆದ ಮೇಲೆ" ಅಂದೆ.

"ಹಂಗಾದ್ರೆ ಮಗ ಇನ್ನೇನು ಬಂದೇ ಬಿಟ್ಟ" ಅಂದು, ಸುಲಿದ ಕಾಯಿಯನ್ನು ಬುಟ್ಟಿಗೆ ಹಾಕಿ ಇನ್ನೊಂದನ್ನು ತಗೊಂಡಳು.