ಪೆಟ್ಟಿಗೆಯ ಅಡಿಯಿಂದ ತೆಗೆದ ಗಂಟೆ

ಆ ಕಾಲದಲ್ಲಿ ರಾಮನಗರಕ್ಕೆ ಬೆಳಗಾಗುತ್ತಿದ್ದುದೇ ಬೆಂದ ಗೂಡಿನ ವಾಸನೆಯಿಂದ. ಹೊರಗಿನವರು ಮೂಗು ಮುಚ್ಚಿಕೊಳ್ಳುತ್ತಿದ್ದರು. ನಮಗೆ ಊರು ಎದ್ದಿತು ಅನ್ನುವುದಕ್ಕೆ ಅದೇ ಗುರುತು. ಓಣಿ ಓಣಿಯಲ್ಲೂ ನೂಲು ತೆಗೆಯುವ ಬಾಣಲೆಗಳ ಹಬೆ. ಹಬೆಯ ಮೇಲೆ ಬಂಡೆಬೆಟ್ಟಗಳು ತೇಲುತ್ತಿದ್ದವು. ಮೈಸೂರಿನ ರೈಲು ಅವುಗಳ ನಡುವೆ ನಿದ್ದೆಗಣ್ಣಿನಲ್ಲಿ ಹಾದುಹೋಗುತ್ತಿತ್ತು. ಈಗಲೂ ಕಣ್ಣು ಮುಚ್ಚಿದರೆ ಮೊದಲು ಬರುವುದು ಆ ಹಬೆ, ಆಮೇಲೆ ಅದರೊಳಗಿಂದ ಒಂದು ಸಣ್ಣ ಗಂಟೆಯ ಸದ್ದು.

ಆ ಗಂಟೆ ನಮ್ಮ ಪಕ್ಕದ ವರ್ಕ್‌ಶಾಪಿನದು. ನಾನು ಟೈಪಿಂಗ್ ಶಾಲೆ ನಡೆಸುತ್ತಿದ್ದೆ. ಗೋಡೆಯಾಚೆ ಮೇಸ್ತ್ರಿಯವರ ನಾಲ್ಕು ಲೇತುಗಳು. ನೂಲು ಬಿಚ್ಚುವ ಯಂತ್ರದಲ್ಲಿ ಎಳೆ ಕಡಿದರೆ ಒಂದು ಪುಟ್ಟ ಸನ್ನೆಕೋಲು ಬಿದ್ದು ಗಂಟೆ ಹೊಡೆಯುವ ಹಾಗೆ ಅವರು ಒಂದು ಉಪಾಯ ಮಾಡಿದ್ದರು. ರೇಷ್ಮೆಗೆ ಒಳ್ಳೆಯ ಕಾಲ; ಊರಿಗೆಲ್ಲ ಅವರದೇ ಗಂಟೆ. ಆದರೆ ಬರಬರುತ್ತಾ ಹೊಸ ಯಂತ್ರಗಳು ತಮ್ಮ ಗಂಟೆಯನ್ನು ತಾವೇ ಹೊತ್ತುಕೊಂಡು ಬರತೊಡಗಿದವು. ಮೇಸ್ತ್ರಿಯ ಲೇತುಗಳು ಒಂದೊಂದಾಗಿ ಸುಮ್ಮನಾದವು.

"ಎರಡು ಲೇತು ಮಾರ್ಬುಟ್ಟು ಕುರಿ ತಗಳಿ ಸಾಬ್ರೇ, ನಾನೇ ಮೇಯಿಸ್ತೀನಿ" ಎಂದ, ತಿಪ್ಪಸಂದ್ರದಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಹಳೆಯ ಲೇತ್ ಕೆಲಸಗಾರ.

"ನಿನ್ ಕೈಗೆ ಕೊಟ್ರೆ ಕುರೀನೂ ಊಟ ಆದ್ಮೇಲೆ ಮನಿಕ್ಕಂತವೆ ಕಣ್ಲಾ!"

ಮೇಸ್ತ್ರಿ ನಕ್ಕರು. ನಕ್ಕು, ಒಂದು ಪೇಪರು ಹಿಡಿದು ನನ್ನ ಬಳಿ ಬಂದರು. ರೈಲ್ವೆಯ ಟೆಂಡರು. ಗೇಟಿನ ತಂತಿ ಕಡಿದರೆ ಗೇಟು ಕಾಯುವವನ ಕೋಣೆಯಲ್ಲಿ ಗಂಟೆ ಮೊಳಗಬೇಕಂತೆ.

"ಅಮ್ಮಯ್ಯ, ನಮ್ದು ನೂಲು ಕಡಿದ್ರೇನೇ ಬಡ್ಕೋತೈತೆ. ತಂತಿ ಕಡಿದ್ರೆ ಸುಮ್ಕಿರ್ತದಾ? ಹೊಡೀರಿ ಟೈಪು."

ಹೊಡೆಯಲು ಕೂತೆ. ಹಿಂದೆ ಯಾರಿಗೆ ಸರಬರಾಜು ಮಾಡಿದ್ದೀರಿ, ಪರೀಕ್ಷೆಯ ವರದಿ ಎಲ್ಲಿ? ಕಾಲಂ ಮೇಲೆ ಕಾಲಂ.

"ಬುಟ್ಬುಡಿ ಅದ್ನೆಲ್ಲಾ. ಮಾಲೇ ಕಳಿಸ್ತಾ ಇಲ್ವಾ? ಗೂಡಿನ ಮಾರ್ಕೆಟ್ನಾಗೆ ರೈತ ಕಾಗ್ದ ತೋರಿಸ್ತಾನಾ?"

ನಿಜವೇ. ಅಲ್ಲಿ ರೈತ ಗೂಡಿನ ರಾಶಿ ಸುರಿದು ಪಕ್ಕಕ್ಕೆ ನಿಲ್ಲುತ್ತಾನೆ. ಕೊಳ್ಳುವವನು ಮೇಲಿನದನ್ನು ಕಣ್ಣೆತ್ತಿಯೂ ನೋಡುವುದಿಲ್ಲ; ಮೊಣಕೈವರೆಗೂ ಕೈ ಇಳಿಸಿ ಅಡಿಯಿಂದ ಒಂದು ಗೂಡು ತೆಗೆದು, ಕಿವಿಯ ಹತ್ತಿರ ಅಲ್ಲಾಡಿಸುತ್ತಾನೆ. ಒಳಗಿನ ಹುಳು ಗಟ್ಟಿಯಾಗಿ ಸದ್ದು ಮಾಡಿದರೆ ಒಳ್ಳೆಯ ಗೂಡು. ಮಾಲಿನ ಗುಣ ಹುಡುಕುವುದು ಕೊಳ್ಳುವವನ ಕೆಲಸ ಎಂದು ನಂಬಿ ಬೆಳೆದವರು ನಾವು. ನನಗೂ ಅದೇ ಸರಿ ಅನ್ನಿಸಿ, ಕಾಲಂಗಳನ್ನು ಖಾಲಿ ಬಿಟ್ಟು, ವಿವರಕ್ಕೊಂದು ಬೆಲೆಗೊಂದು ಎಂದು ಎರಡು ಲಕೋಟೆ ಅಂಟಿಸಿದೆ.

ನಾವಿಬ್ಬರೂ ಬೆಂಗಳೂರಿಗೆ ಹೋದೆವು. ಕಚೇರಿಯಲ್ಲಿ ಎಲ್ಲರ ಎದುರೇ ಲಕೋಟೆ ತೆರೆದರು. ವಿವರದ ಲಕೋಟೆ ಮೊದಲು. ನಮ್ಮದರ ಖಾಲಿ ಕಾಲಂ ಕಂಡದ್ದೇ ಪಕ್ಕಕ್ಕಿಟ್ಟರು. ಬೆಲೆಯ ಲಕೋಟೆ ಬಿಚ್ಚಲಿಲ್ಲ. ಮೇಸ್ತ್ರಿ ಪೇಪರಿನಲ್ಲಿ ಸುತ್ತಿ ತಂದಿದ್ದ ಗಂಟೆಯನ್ನು ಯಾರೂ ಮುಟ್ಟಲೂ ಇಲ್ಲ. ಹೊರಡುವಾಗ ಅಲ್ಲಿನ ಗುಮಾಸ್ತರೊಬ್ಬರು ಮೆಲ್ಲಗೆ ಹೇಳಿದರು: "ನಿಮ್ಮ ಗಂಟೆ ಚೆನ್ನಾಗೇ ಇರಬಹುದಮ್ಮ. ಇಲ್ಲಿ ಮೊದಲು ಕೇಳಿಸಬೇಕಾದ್ದು ಕಾಗದದ ಸದ್ದು. ಮುಂದಿನ ಸಲ ಟೆಂಡರಿಗೆ ಮುಂಚೆ ಸಭೆ ಇರುತ್ತೆ, ಬಂದು ಅನುಮಾನ ಕೇಳಿ."

ವಾಪಸು ರೈಲಿನಲ್ಲಿ ಗಂಟೆ ಮೇಸ್ತ್ರಿಯ ತೊಡೆಯ ಮೇಲಿತ್ತು. ಗಾಡಿ ಕುಲುಕಿದಾಗಲೆಲ್ಲ ಟಿಣ್ ಎನ್ನುತ್ತಿತ್ತು. ಕಿಟಕಿಯಾಚೆ ಹಿಪ್ಪುನೇರಳೆ ತೋಟಗಳು ಹಸಿರು ನೀರಿನಂತೆ ಹರಿದುಹೋದವು. ಆ ತಿಂಗಳು ಒಂದು ಲೇತು ಮಾರಿಹೋಯಿತು.

ಮತ್ತೆ ಟೆಂಡರು ಕರೆದಾಗ ನಾವು ಸಭೆಗೆ ಹೋದೆವು. ಟೈ ಕಟ್ಟಿದ ದೊಡ್ಡ ಕಂಪನಿಗಳವರ ನಡುವೆ ಮೇಸ್ತ್ರಿ ಎದ್ದು ನಿಂತರು. "ಸಾರ್, ರೈಲ್ವೆಗೆ ನಾವು ಏನೂ ಕೊಟ್ಟಿಲ್ಲ. ಸರ್ಕಾರಿ ರೇಷ್ಮೆ ಘಟಕದಾಗೆ ನಮ್ ಗಂಟೆ ಹೊಡೀತಾ ಐತೆ. ಅದು ಲೆಕ್ಕಕ್ಕೆ ಬತ್ತದಾ?" ಯಾರೋ ನಕ್ಕರು. ರೈಲ್ವೆಯ ಸಾಹೇಬರು ನಗಲಿಲ್ಲ, ಬರೆದುಕೊಂಡರು. ವಾರದಲ್ಲಿ ಉತ್ತರ ಬಂತು: ಘಟಕದ ಪತ್ರವಿದ್ದರೆ ಲೆಕ್ಕಕ್ಕೆ ಬರುತ್ತದೆ.

ಘಟಕದವರು ಪತ್ರ ಕೊಟ್ಟರು. ಪರೀಕ್ಷಾಲಯದಲ್ಲಿ ಮಾತ್ರ ಸೋತೆವು. ರೈಲು ಬಂದಾಗ ನೆಲ ನಡುಗುವ ಹಾಗೆ ಯಂತ್ರದಲ್ಲಿಟ್ಟು ನಡುಗಿಸಿದರೆ ಸ್ಕ್ರೂ ಸಡಿಲವಾಗಿ ಒಳಗೆ ಗಲಗಲ. ಮೇಸ್ತ್ರಿ ಚನ್ನಪಟ್ಟಣಕ್ಕೆ ಹೋಗಿ, ಗೊಂಬೆಗೆ ಬಣ್ಣ ಹಚ್ಚುವ ತಮ್ಮ ಷಡ್ಡಕರಿಂದ ಅರಗು ತಂದರು. ಪ್ರತಿ ಸ್ಕ್ರೂವಿನ ತಲೆಗೆ ಬಿಸಿ ಅರಗಿನ ಒಂದೊಂದು ಕೆಂಪು ಬೊಟ್ಟು. ಮತ್ತೆ ನಡುಗಿಸಿದರು. ಒಂದು ಸ್ಕ್ರೂವೂ ಅಲ್ಲಾಡಲಿಲ್ಲ. ನಾನು ಮೂರು ಪ್ರತಿ ಟೈಪು ಮಾಡಿದೆ. ಒಂದು ಕಾಲಮ್ಮೂ ಖಾಲಿ ಬಿಡಲಿಲ್ಲ.

ಈ ಸಲ ಎರಡೂ ಲಕೋಟೆ ತೆರೆದವು. ಸಿಕ್ಕಿದ್ದು ಸಣ್ಣ ಆರ್ಡರು, ಪರೀಕ್ಷೆಗೆಂದು. ತಪಾಸಣೆಯವರು ಒಪ್ಪಿದರೆ ಉಂಟು, ಇಲ್ಲದಿದ್ದರೆ ರದ್ದು. ಉಳಿದ ಮೂರು ಲೇತೂ ಅವರ ಒಂದು ಸಹಿಯ ಮೇಲೆ ನಿಂತಿದ್ದವು.

ಅವರು ಬಂದದ್ದು ಮಂಜು ಇನ್ನೂ ಕರಗದ ಬೆಳಗ್ಗೆ. ಕೆಲಸಗಾರ ಪೆಟ್ಟಿಗೆಯ ಮೇಲಿದ್ದ ಗಂಟೆಗಳಿಗೆ ಚೆನ್ನಾಗಿ ಉಜ್ಜಿ ಹೊಳಪು ಕೊಟ್ಟಿದ್ದ. ತಪಾಸಣೆಯ ಸಾಹೇಬರು ಅವನ್ನು ನೋಡಲೇ ಇಲ್ಲ. ಅಂಗಿಯ ತೋಳು ಮಡಚಿ, ಪೆಟ್ಟಿಗೆಯೊಳಗೆ ಮೊಣಕೈವರೆಗೂ ಕೈ ಇಳಿಸಿ, ಅಡಿಯಿಂದ ಒಂದನ್ನು ತೆಗೆದರು. ಅದರ ನಾಲಿಗೆಯನ್ನು ಬೆರಳಲ್ಲಿ ಒತ್ತಿ ಹಿಡಿದು, ಕಿವಿಯ ಹತ್ತಿರ ತಂದು ಅಲ್ಲಾಡಿಸಿದರು.

ಒಳಗಿನ ಸದ್ದೇ ಒಳ್ಳೆಯ ಮಾಲಿನ ಗುರುತು ಎಂದು ನಂಬಿ ಬೆಳೆದ ಮೇಸ್ತ್ರಿ, ಅಂದು ಕಣ್ಣು ಮುಚ್ಚಿ ಏನೂ ಕೇಳಿಸದಿರಲಿ ಎಂದು ಬೇಡುತ್ತಿದ್ದರು.

ಏನೂ ಕೇಳಿಸಲಿಲ್ಲ. ದೂರದಲ್ಲಿ ಬಾಣಲೆಗಳು ಕುದಿಯುತ್ತಿದ್ದ ಸದ್ದು ಮಾತ್ರ.

ಸಾಹೇಬರು ಸಹಿ ಹಾಕಿ ಹೋದ ಮೇಲೆ ಕೆಲಸಗಾರನೇ ಬಾಯಿಬಿಟ್ಟ: "ಈವಯ್ಯ ಯಾವತ್ತೋ ಗೂಡು ಯಾಪಾರ ಮಾಡವ್ನೆ ಕಣ್ ಸಾಬ್ರೇ!"

ಮೇಸ್ತ್ರಿ ಹೋಗಿ ಮೂರು ಲೇತುಗಳ ಸ್ವಿಚ್ಚನ್ನೂ ಒಟ್ಟಿಗೆ ಹಾಕಿದರು. ಗೋಡೆಯೀಚೆ ನನ್ನ ಟೈಪ್‌ರೈಟರಿನ ಕೀಲಿಗಳೆಲ್ಲ ಸಣ್ಣಗೆ ನಡುಗಿದವು.